‘ಅರವತ್ತಕ್ಕೆ ಅರಳುಮರಳು’ ಎಂದು ಸುಮ್ಮನಿರಬೇಡಿ: ಮೆದುಳಿನ ಮುಪ್ಪಿನ ಬಗ್ಗೆ ನಮ್ಮದೇ ನೆಲದಲ್ಲಿ ನಡೆಯುತ್ತಿರುವ ಸಂಶೋಧನೆ



ನಮ್ಮ ಮನೆಗಳಲ್ಲಿ ಹಿರಿಯರಿಗೆ ಮರೆವು ಶುರುವಾದಾಗ ಎರಡು ಮಾತುಗಳು ಸಾಮಾನ್ಯವಾಗಿ ಕೇಳಿಬರುತ್ತವೆ. ಒಂದು, “ಅರವತ್ತಕ್ಕೆ ಅರಳುಮರಳು, ವಯಸ್ಸಾದ ಮೇಲೆ ಇದೆಲ್ಲ ಇದ್ದದ್ದೇ.” ಇನ್ನೊಂದು, “ಜ್ಞಾನಾವರಣೀಯ ಕರ್ಮದ ಉದಯ, ನಾವೇನು ಮಾಡಲಾಗುತ್ತದೆ?” ಎರಡರ ಪರಿಣಾಮವೂ ಒಂದೇ. ವೈದ್ಯರ ಬಳಿಗೆ ಹೋಗುವುದು ಎರಡು ಮೂರು ವರ್ಷ ತಡವಾಗುತ್ತದೆ. ಕರ್ಮ ಸಿದ್ಧಾಂತವನ್ನು ನಂಬುವವರೇ ಮಂಡಿನೋವಿಗೆ, ಸಕ್ಕರೆ ಕಾಯಿಲೆಗೆ, ಕಣ್ಣಿನ ಪೊರೆಗೆ ಔಷಧ ಮಾಡುತ್ತೇವೆ. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳಲ್ಲಿ ಔಷಧ ದಾನಕ್ಕೆ ಸ್ಥಾನ ಕೊಟ್ಟ ಧರ್ಮ ನಮ್ಮದು. ಮೆದುಳಿನ ಕಾಯಿಲೆಗೆ ಮಾತ್ರ ಕರ್ಮದ ಹೆಸರು ಹೇಳಿ ಕೈಕಟ್ಟಿ ಕುಳಿತುಕೊಳ್ಳುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ.

ಇದು ಚಿಕ್ಕ ಸಮಸ್ಯೆಯೂ ಅಲ್ಲ. ದೇಶದ ಹಲವು ರಾಜ್ಯಗಳಲ್ಲಿ ನಡೆದ ಸಮೀಕ್ಷೆಯೊಂದರ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಅದರ ಅಂದಾಜಿನಂತೆ ಭಾರತದಲ್ಲಿ 60 ದಾಟಿದವರಲ್ಲಿ ನೂರಕ್ಕೆ 7.4 ಮಂದಿಗೆ ಡಿಮೆನ್ಶಿಯಾ ಇದೆ. ಒಟ್ಟು ಲೆಕ್ಕದಲ್ಲಿ ಸುಮಾರು 88 ಲಕ್ಷ ಜನ. ಗಂಡಸರಿಗಿಂತ ಹೆಂಗಸರಲ್ಲಿ, ಪಟ್ಟಣಕ್ಕಿಂತ ಹಳ್ಳಿಯಲ್ಲಿ ಹೆಚ್ಚು. ಸಂಕಟದ ಮಾತೆಂದರೆ, ಇವರಲ್ಲಿ ಬಹಳ ಜನರಿಗೆ ರೋಗಕ್ಕೆ ಒಂದು ಹೆಸರು ಕೂಡ ಸಿಗದೆ ಕಾಲ ಕಳೆದುಹೋಗುತ್ತದೆ.

ಡಿಮೆನ್ಶಿಯಾ ಎಂದರೆ ಒಂದೇ ರೋಗವಲ್ಲ. ನೆನಪು, ಲೆಕ್ಕ, ಮಾತು, ದಾರಿ ಗುರುತಿಸುವುದು, ತೀರ್ಮಾನ ತೆಗೆದುಕೊಳ್ಳುವುದು, ಇವು ದಿನನಿತ್ಯದ ಬದುಕು ನಡೆಸಲಾಗದಷ್ಟು ಕುಂದುವ ಸ್ಥಿತಿಗೆ ಆ ಹೆಸರು. ಇದಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಹೆಚ್ಚಾಗಿ ಕಾಣುವುದು ಆಲ್ಝೈಮರ್ ರೋಗ. ಮೆದುಳಿನ ರಕ್ತನಾಳಗಳು ಕೆಟ್ಟು ಬರುವುದು ಇನ್ನೊಂದು ಬಗೆ. ಬೀಗದ ಕೈ ಎಲ್ಲಿಟ್ಟೆ ಎಂದು ಹುಡುಕುವುದು ಎಲ್ಲರಿಗೂ ಇರುವ ಮರೆವು. ಕೈಯಲ್ಲಿ ಬೀಗದ ಕೈ ಹಿಡಿದುಕೊಂಡು ಇದು ಯಾತಕ್ಕೆ ಎಂದು ಯೋಚಿಸುವುದು ಬೇರೆ. ಬಸದಿಗೆ ಹೋಗಿ ಯಾರ ಹೆಸರೋ ನೆನಪಾಗದಿದ್ದರೆ ಚಿಂತೆಯಿಲ್ಲ. ನಲವತ್ತು ವರ್ಷ ನಡೆದ ದಾರಿಯಲ್ಲಿ ಬಸದಿಯಿಂದ ಮನೆಗೆ ಬರಲು ತಿಳಿಯದಿದ್ದರೆ ಅದು ವಯಸ್ಸಿನ ಮರೆವಲ್ಲ.

ನಮ್ಮ ಮನೆಗಳಲ್ಲಿ ಈ ರೋಗ ಗೊತ್ತಾಗದೆ ಉಳಿಯುವುದಕ್ಕೆ ಒಂದು ವಿಶೇಷ ಕಾರಣವೂ ಇದೆ. ಅಜ್ಜಿ ಭಕ್ತಾಮರ ಸ್ತೋತ್ರದ ನಲವತ್ತೆಂಟು ಶ್ಲೋಕಗಳನ್ನೂ ತಪ್ಪಿಲ್ಲದೆ ಹೇಳುತ್ತಾರೆ. ಐವತ್ತು ವರ್ಷದ ಹಿಂದಿನ ಪಂಚಕಲ್ಯಾಣಕ್ಕೆ ಯಾರು ಯಾರು ಬಂದಿದ್ದರು ಎಂದು ಹೇಳುತ್ತಾರೆ. “ಇವರಿಗೆಲ್ಲಿ ಮರೆವು?” ಎಂದು ಮಕ್ಕಳು ನಗುತ್ತಾರೆ. ಆದರೆ ಅದೇ ಅಜ್ಜಿ ಬೆಳಿಗ್ಗೆ ಊಟ ಮಾಡಿದ್ದು, ಮಗಳು ಫೋನ್ ಮಾಡಿದ್ದು ಮರೆತು, ಕೇಳಿದ್ದನ್ನೇ ಹತ್ತು ಸಲ ಕೇಳುತ್ತಾರೆ. ಎಳೆಯ ವಯಸ್ಸಿನಲ್ಲಿ ಬಾಯಿಪಾಠವಾಗಿ ದಿನವೂ ಹೇಳಿದ್ದು ಮೆದುಳಿನಲ್ಲಿ ಬಹಳ ಕಾಲ ಉಳಿಯುತ್ತದೆ. ಹೊಸದನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ಮೊದಲು ಹೋಗುತ್ತದೆ. ಪಾಠಶಾಲೆಯಲ್ಲಿ ತತ್ತ್ವಾರ್ಥಸೂತ್ರ ಓದಿದವರಿಗೆ ಮತಿಜ್ಞಾನದ ನಾಲ್ಕು ಹಂತಗಳು ಗೊತ್ತು: ಅವಗ್ರಹ, ಈಹಾ, ಅವಾಯ, ಧಾರಣಾ. ಹೋಲಿಕೆಗಾಗಿ ಹೇಳುವುದಾದರೆ, ಆಲ್ಝೈಮರ್‌ನಲ್ಲಿ ಮೊದಲು ಏಟು ಬೀಳುವುದು ಧಾರಣೆಗೆ. ಕೇಳುತ್ತಾರೆ, ಅರ್ಥವೂ ಆಗುತ್ತದೆ, ಸರಿಯಾಗಿ ಉತ್ತರವನ್ನೂ ಕೊಡುತ್ತಾರೆ. ಐದು ನಿಮಿಷದ ನಂತರ ಅದು ಉಳಿದಿರುವುದಿಲ್ಲ. ಆದ್ದರಿಂದ ಸ್ತೋತ್ರ ಹೇಳಿಸಿ ನೆನಪನ್ನು ಪರೀಕ್ಷೆ ಮಾಡಬೇಡಿ. ಬೆಳಿಗ್ಗೆ ಏನು ಅಡುಗೆಯಾಗಿತ್ತು ಎಂದು ಕೇಳಿ.

ಜರ್ಮನಿಯ ವೈದ್ಯ ಅಲೋಯಿಸ್ ಆಲ್ಝೈಮರ್ 1906ರಲ್ಲಿ ತಮ್ಮ ಒಬ್ಬ ಮಹಿಳಾ ರೋಗಿಯ ಮೆದುಳನ್ನು ಮರಣಾನಂತರ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ವಿವರ ನೀಡಿದರು. ನರಕೋಶಗಳ ನಡುವೆ ಕಲೆಗಳಂತೆ ಏನೋ ಜಮೆಯಾಗಿತ್ತು, ಕೋಶಗಳ ಒಳಗೆ ಸಿಕ್ಕುಗಟ್ಟಿದ ಎಳೆಗಳಿದ್ದವು. ಜಮೆಯಾದದ್ದು ಅಮಿಲಾಯ್ಡ್ ಎಂಬ ಪ್ರೋಟೀನ್, ಸಿಕ್ಕುಗಟ್ಟಿದ್ದು ಟಾವ್ ಎಂಬ ಇನ್ನೊಂದು ಪ್ರೋಟೀನ್ ಎಂದು ಬಹಳ ವರ್ಷಗಳ ನಂತರ ತಿಳಿಯಿತು. ಈಗ ತಿಳಿದಿರುವ ಮುಖ್ಯ ವಿಷಯವೆಂದರೆ, ಈ ಜಮೆ ಮರೆವು ಕಾಣಿಸಿಕೊಳ್ಳುವುದಕ್ಕಿಂತ ಹದಿನೈದು ಇಪ್ಪತ್ತು ವರ್ಷ ಮೊದಲೇ ಆರಂಭವಾಗಿರುತ್ತದೆ. ಎಪ್ಪತ್ತರಲ್ಲಿ ಕಾಣುವ ರೋಗಕ್ಕೆ ಐವತ್ತರಲ್ಲೇ ಬೀಜ ಬಿದ್ದಿರುತ್ತದೆ. ಹಾಗಾದರೆ ರೋಗ ಬಂದವರನ್ನು ಮಾತ್ರ ಪರೀಕ್ಷಿಸಿದರೆ ಸಾಲದು. ಆರೋಗ್ಯವಾಗಿರುವ ನಡುವಯಸ್ಸಿನವರನ್ನು ವರ್ಷಗಟ್ಟಲೆ ಗಮನಿಸುತ್ತಾ ಹೋಗಬೇಕು. ಬೆಂಗಳೂರಿನಲ್ಲಿ ಈಗ ನಡೆಯುತ್ತಿರುವುದು ಅದೇ ಕೆಲಸ.

ಇದನ್ನು ಕಟ್ಟಿ ನಿಲ್ಲಿಸಿದವರು ನರವಿಜ್ಞಾನಿ ಡಾ. ವಿಜಯಲಕ್ಷ್ಮಿ ರವೀಂದ್ರನಾಥ್. ಮೈಸೂರು ವಿಶ್ವವಿದ್ಯಾಲಯದಿಂದ ಪಿಎಚ್.ಡಿ. ಪಡೆದು, ಅಮೆರಿಕದಲ್ಲಿ ಕೆಲವು ವರ್ಷ ಕೆಲಸ ಮಾಡಿ, ಬೆಂಗಳೂರಿನ ನಿಮ್ಹಾನ್ಸ್ ಸೇರಿದರು. ಔಷಧಗಳು ಯಕೃತ್ತಿನಲ್ಲಿ ಮಾತ್ರವಲ್ಲ, ಮೆದುಳಿನೊಳಗೂ ಬದಲಾವಣೆ ಹೊಂದುತ್ತವೆ ಎಂಬ ವಿಷಯದಲ್ಲಿ ಅವರ ಆರಂಭದ ಕೆಲಸ. 1996ರಲ್ಲಿ ಶಾಂತಿಸ್ವರೂಪ್ ಭಟ್ನಾಗರ್ ಪ್ರಶಸ್ತಿ, 2010ರಲ್ಲಿ ಪದ್ಮಶ್ರೀ ಬಂದವು. ಹರಿಯಾಣದ ಮಾನೇಸರದಲ್ಲಿರುವ ರಾಷ್ಟ್ರೀಯ ಮೆದುಳು ಸಂಶೋಧನಾ ಕೇಂದ್ರಕ್ಕೆ ಅವರೇ ಸ್ಥಾಪಕ ನಿರ್ದೇಶಕಿ. 2009ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ, ಅಂದರೆ ನಮ್ಮ ಜನ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಸಂಸ್ಥೆಗೆ ಬಂದರು.

ದಿನಸಿ ವ್ಯಾಪಾರ ಮಾಡುವ ನನ್ನಂಥವನಿಗೆ ಅವರ ಎರಡು ಸಂಶೋಧನೆಗಳು ಬಹಳ ಹತ್ತಿರದವು ಅನಿಸಿತು. ಒಂದು ಕೇಸರಿ ಬೇಳೆಯದು. ತೊಗರಿಬೇಳೆಗೆ ಕಲಬೆರಕೆ ಮಾಡುತ್ತಾರೆಂದು ನಮ್ಮ ವ್ಯಾಪಾರದಲ್ಲಿ ಹಿರಿಯರು ಎಚ್ಚರಿಸುತ್ತಿದ್ದ ಬೇಳೆ ಇದು. 1961ರಲ್ಲಿ ಇದರ ಮಾರಾಟಕ್ಕೆ ನಿಷೇಧ ಬಂತು. ಬರಗಾಲದಲ್ಲಿ ಬೇರೇನೂ ಸಿಗದೆ ಇದನ್ನೇ ತಿಂಗಳುಗಟ್ಟಲೆ ತಿಂದವರ ಕಾಲುಗಳು ಸೆಟೆದುಕೊಂಡು ನಡೆಯಲಾಗದೆ ಹೋಗುತ್ತಿತ್ತು. ಆ ಬೇಳೆಯಲ್ಲಿರುವ ವಿಷಾಂಶ ನರಕೋಶದೊಳಗಿನ ಶಕ್ತಿ ತಯಾರಿಸುವ ಭಾಗವನ್ನು ಹೇಗೆ ಕೆಡಿಸುತ್ತದೆ ಎಂಬುದನ್ನು ವಿಜಯಲಕ್ಷ್ಮಿಯವರ ತಂಡ ಇಲಿಗಳಲ್ಲಿ ತೋರಿಸಿತು.

ಇನ್ನೊಂದು ಅಶ್ವಗಂಧದ್ದು. ಗ್ರಂಥಿಗೆ ಅಂಗಡಿಗಳಲ್ಲಿ ಹಿರೇಮದ್ದಿನ ಬೇರು ಎಂದು ಸಿಗುವುದು ಇದೇ. 2012ರಲ್ಲಿ ಅವರ ತಂಡ ಆಲ್ಝೈಮರ್ ಬರುವಂತೆ ಬೆಳೆಸಿದ ಇಲಿಗಳಿಗೆ ಅಶ್ವಗಂಧ ಬೇರಿನ ಸಾರವನ್ನು 30 ದಿನ ಬಾಯಿಯ ಮೂಲಕ ಕೊಟ್ಟು ನೋಡಿತು. ಇಲಿಗಳ ನಡವಳಿಕೆ ಸುಧಾರಿಸಿತು, ಮೆದುಳಿನಲ್ಲಿದ್ದ ಅಮಿಲಾಯ್ಡ್ ಕಡಿಮೆಯಾಯಿತು. ಆಶ್ಚರ್ಯವೆಂದರೆ ಔಷಧ ಕೆಲಸ ಮಾಡಿದ್ದು ಮೆದುಳಿನಲ್ಲಲ್ಲ, ಯಕೃತ್ತಿನಲ್ಲಿ. ಯಕೃತ್ತಿನಲ್ಲಿ ಒಂದು ಬಗೆಯ ಪ್ರೋಟೀನ್ ಹೆಚ್ಚಾಗಿ, ಅದು ಅಮಿಲಾಯ್ಡನ್ನು ಮೆದುಳಿನಿಂದ ರಕ್ತಕ್ಕೆ ಎಳೆದುಕೊಂಡಿತು. ಇದು ಪ್ರಕಟವಾದ ಮೇಲೆ ‘ಆಲ್ಝೈಮರ್‌ಗೆ ಮದ್ದು ಸಿಕ್ಕಿತು’ ಎಂಬ ಮಾತು ಹರಡಿತು. ಈಗಲೂ ವಾಟ್ಸ್ಆ್ಯಪ್‌ನಲ್ಲಿ ಅಂಥ ಸಂದೇಶಗಳು ಓಡಾಡುತ್ತವೆ. ದಯವಿಟ್ಟು ಗಮನಿಸಿ: ಅದು ಇಲಿಗಳಲ್ಲಿ ಆದ ಪ್ರಯೋಗ, ಬಳಸಿದ್ದು ಪ್ರಯೋಗಾಲಯದಲ್ಲಿ ಸಂಸ್ಕರಿಸಿದ ಸಾರ. ಅಂಗಡಿಯ ಪುಡಿಯಿಂದ ಮನುಷ್ಯರ ಡಿಮೆನ್ಶಿಯಾ ವಾಸಿಯಾಗುತ್ತದೆ ಎಂದು ಅದು ಹೇಳುವುದಿಲ್ಲ. ಮಾರುವವನಾಗಿ ನಾನೇ ಹೇಳುತ್ತಿದ್ದೇನೆ, ವೈದ್ಯರು ಕೊಟ್ಟ ಮಾತ್ರೆ ನಿಲ್ಲಿಸಿ ಇದನ್ನು ಕೊಡಬೇಡಿ. (ಕಂದಮೂಲ ತ್ಯಾಗವಿರುವವರು ಒಣಬೇರಿನ ಔಷಧ ತೆಗೆದುಕೊಳ್ಳಬಹುದೇ ಎಂಬ ಪ್ರಶ್ನೆ ಬೇರೆ. ಅದು ಅವರವರ ನಿಯಮಕ್ಕೆ, ಗುರುಗಳಿಗೆ ಬಿಟ್ಟದ್ದು.)

ಇನ್ಫೋಸಿಸ್ ಸಹ ಸಂಸ್ಥಾಪಕ ಕ್ರಿಸ್ ಗೋಪಾಲಕೃಷ್ಣನ್ ಮತ್ತು ಅವರ ಪತ್ನಿ ಸುಧಾ ಅವರ ಪ್ರತೀಕ್ಷಾ ಟ್ರಸ್ಟ್ ನೀಡಿದ ದೊಡ್ಡ ದಾನದಿಂದ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ‘ಸೆಂಟರ್ ಫಾರ್ ಬ್ರೈನ್ ರಿಸರ್ಚ್’ ಸ್ಥಾಪನೆಯಾಯಿತು. ಇದಕ್ಕೂ ವಿಜಯಲಕ್ಷ್ಮಿಯವರೇ ಸ್ಥಾಪಕ ನಿರ್ದೇಶಕಿ. ಇದರ ಹೊಸ ಕಟ್ಟಡವನ್ನು 2022ರ ಜೂನ್‌ನಲ್ಲಿ ಪ್ರಧಾನಿಯವರು ಉದ್ಘಾಟಿಸಿದರು. ಇಲ್ಲಿನ ದೊಡ್ಡ ಕೆಲಸಕ್ಕೆ ‘ಸಂಸ್‌ಕಾಗ್’ ಎಂದು ಹೆಸರು. 2018ರಲ್ಲಿ ಆರಂಭವಾದದ್ದು. ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 45 ವರ್ಷ ದಾಟಿದ, ಡಿಮೆನ್ಶಿಯಾ ಇಲ್ಲದ ಹತ್ತು ಸಾವಿರ ಜನರನ್ನು ಸೇರಿಸಿಕೊಂಡು ವರ್ಷಗಟ್ಟಲೆ ಅವರ ಮೆದುಳು, ನೆನಪು, ರಕ್ತ, ಆಹಾರ, ಜೀವನಕ್ರಮವನ್ನು ಗಮನಿಸುವುದು ಇದರ ಗುರಿ. ಇದಕ್ಕೆ ಜೋಡಿಯಾಗಿ ಬೆಂಗಳೂರು ನಗರದ ಸುಮಾರು ಸಾವಿರ ಜನರ ಅಧ್ಯಯನವೊಂದು ಟಾಟಾ ಟ್ರಸ್ಟ್ ನೆರವಿನಿಂದ ನಡೆಯುತ್ತಿದೆ.

ಮಾವಿನಹಣ್ಣಿಗೆ ಹೆಸರಾದ ಶ್ರೀನಿವಾಸಪುರವನ್ನೇ ಯಾಕೆ ಆರಿಸಿದರು? ಜನ ಊರು ಬಿಟ್ಟು ಹೋಗುವುದು ಅಲ್ಲಿ ಕಡಿಮೆ. ಹತ್ತು ಹದಿನೈದು ವರ್ಷ ಒಬ್ಬರನ್ನೇ ಮತ್ತೆ ಮತ್ತೆ ನೋಡಬೇಕೆಂದರೆ ಅವರು ಊರಲ್ಲಿ ಸಿಗಬೇಕಲ್ಲ. ಬೆಂಗಳೂರಿಗೂ ಹತ್ತಿರ.

ಓದು ಬರಹ ಬಾರದ ರೈತ ಮಹಿಳೆಯ ನೆನಪನ್ನು ಪರೀಕ್ಷಿಸುವುದು ಸುಲಭವಲ್ಲ. ಡಿಮೆನ್ಶಿಯಾ ಪರೀಕ್ಷೆಗಳಲ್ಲಿ ಬಹಳಷ್ಟು ಹೊರದೇಶಗಳಲ್ಲಿ ಓದಿದವರಿಗಾಗಿ ತಯಾರಾದವು. ‘ಈ ವಾಕ್ಯ ಓದಿ’, ‘ಈ ಚಿತ್ರ ಬರೆಯಿರಿ’, ‘ನೂರರಿಂದ ಏಳೇಳು ಕಳೆಯುತ್ತಾ ಹೋಗಿ’ ಎಂದರೆ ಶಾಲೆಗೆ ಹೋಗದವರು ಸೋಲುತ್ತಾರೆ. ಅದು ರೋಗವಲ್ಲ, ಪೆನ್ನು ಹಿಡಿಯದ ಕೈ. ಅದೇ ಕೈ ಸಂತೆಯಲ್ಲಿ ಬಾಯಿಲೆಕ್ಕ ಹಾಕಿ ಚಿಲ್ಲರೆ ಸರಿಯಾಗಿ ಎಣಿಸುತ್ತದೆ! ಆದ್ದರಿಂದ ಪರೀಕ್ಷೆಗಳನ್ನು ಇಲ್ಲಿನ ಭಾಷೆಗೆ, ಕಿವಿಯಿಂದ ಕೇಳಿ ಉತ್ತರಿಸುವಂತೆ ಹೊಂದಿಸಬೇಕಾಯಿತು.

ಮೆದುಳಿನ ಚಿತ್ರದ ವಿಷಯವೂ ಹೀಗೆಯೇ. ಎಂಆರ್‌ಐ ಯಂತ್ರ ಬಲವಾದ ಅಯಸ್ಕಾಂತದಿಂದ ಮೆದುಳಿನ ಒಳಗನ್ನು ಪದರ ಪದರವಾಗಿ ತೋರಿಸುತ್ತದೆ. ಎಕ್ಸ್‌ರೇಯಂತೆ ವಿಕಿರಣವಿಲ್ಲ, ಚುಚ್ಚುವುದೂ ಕೊಯ್ಯುವುದೂ ಇಲ್ಲ. ನೆನಪನ್ನು ಹಿಡಿದಿಡಲು ಮುಖ್ಯವಾದ ಹಿಪ್ಪೋಕ್ಯಾಂಪಸ್ ಎಂಬ, ಕಡಲ್ಗುದುರೆಯ ಆಕಾರದ ಪುಟ್ಟ ಭಾಗ ಎಷ್ಟು ಕುಗ್ಗಿದೆ, ಸಣ್ಣ ರಕ್ತನಾಳಗಳು ಕೆಟ್ಟಲ್ಲಿ ಬಿಳಿ ಮಚ್ಚೆಗಳು ಎಷ್ಟಿವೆ ಎಂದು ಅದರಲ್ಲಿ ಅಳೆಯಬಹುದು. ಆದರೆ ‘ಕುಗ್ಗಿದೆ’ ಎನ್ನಬೇಕಾದರೆ ಮೊದಲು ಎಷ್ಟಿರಬೇಕಿತ್ತು ಎಂದು ಗೊತ್ತಿರಬೇಕು. ಪ್ರಪಂಚದಲ್ಲಿ ಹೆಚ್ಚಾಗಿ ಬಳಸುವ ಅಳತೆಯ ಮಾದರಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಅಲ್ಲಿನ ಜನರ ಮೆದುಳಿನಿಂದ ತಯಾರಾದದ್ದು. ಭಾರತೀಯರ ಮೆದುಳು ಗಾತ್ರದಲ್ಲಿ ಅದಕ್ಕಿಂತ ಸ್ವಲ್ಪ ಚಿಕ್ಕದು. ಬುದ್ಧಿ ಕಡಿಮೆ ಎಂದಲ್ಲ, ತಲೆಯ ಅಳತೆಯೇ ಬೇರೆ. 2019ರಲ್ಲಿ ಹೈದರಾಬಾದಿನ ಐಐಐಟಿಯವರು ನೂರು ಮಂದಿ ಭಾರತೀಯರ ಚಿತ್ರಗಳಿಂದ ನಮ್ಮದೇ ಒಂದು ಮಾದರಿ ತಯಾರಿಸಿದರು. ವ್ಯಾಪಾರಿಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತೂಕದ ಬಟ್ಟೇ ಬೇರೆಯಾದರೆ ತಕ್ಕಡಿ ಎಷ್ಟು ಒಳ್ಳೆಯದಿದ್ದರೂ ತೂಕ ಸರಿಬರುವುದಿಲ್ಲ. ಶ್ರೀನಿವಾಸಪುರದ ಅಧ್ಯಯನದ ನಿಜವಾದ ಬೆಲೆ ಇಲ್ಲಿದೆ. ಆರೋಗ್ಯವಾಗಿ ಮುಪ್ಪಾಗುವ ನಮ್ಮ ಜನರ ಮೆದುಳು ಹೇಗಿರುತ್ತದೆ ಎಂಬುದಕ್ಕೆ ನಮ್ಮದೇ ಬಟ್ಟು ಅಲ್ಲಿ ತಯಾರಾಗುತ್ತಿದೆ.

ಅಲ್ಲಿ ಈಗಾಗಲೇ ಕಂಡ ಒಂದು ವಿಷಯ ಯೋಚಿಸುವಂಥದ್ದು. ಹೊಲದಲ್ಲಿ ದುಡಿಯುವ ಹಳ್ಳಿ ಜನರಲ್ಲೂ ರಕ್ತದೊತ್ತಡ, ಸಕ್ಕರೆ, ಕೊಬ್ಬಿನ ತೊಂದರೆಗಳು ಸಾಕಷ್ಟಿವೆ, ಹಲವರಿಗೆ ಪರೀಕ್ಷೆ ಮಾಡುವವರೆಗೆ ಅದು ತಿಳಿದೇ ಇರಲಿಲ್ಲ. ಇವೆಲ್ಲ ಮೆದುಳಿಗೂ ಶತ್ರುಗಳು. ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ಆಯೋಗ 2024ರಲ್ಲಿ ಕೊಟ್ಟ ವರದಿಯಲ್ಲಿ, ನಾವು ತಿದ್ದಿಕೊಳ್ಳಬಹುದಾದ 14 ಕಾರಣಗಳನ್ನು ಸರಿಪಡಿಸಿದರೆ ಪ್ರಪಂಚದ ಡಿಮೆನ್ಶಿಯಾದಲ್ಲಿ ಸುಮಾರು ಶೇ. 45ರಷ್ಟನ್ನು ತಡೆಯಲು ಅಥವಾ ಮುಂದೂಡಲು ಸಾಧ್ಯವಿದೆ ಎಂದಿದೆ. ಅವುಗಳಲ್ಲಿ ಮದ್ಯಪಾನ, ಧೂಮಪಾನ ನಮ್ಮಲ್ಲಿ ಕಡಿಮೆ ಎಂದು ಬೀಗಬಹುದು. ಆದರೆ ಗಲ್ಲಾಪೆಟ್ಟಿಗೆಯ ಮುಂದೆ ದಿನವಿಡೀ ಕುಳಿತೇ ಇರುವುದು, ಕರಿದ ತಿಂಡಿ, ಬೊಜ್ಜು, ಸಕ್ಕರೆ ಕಾಯಿಲೆಗಳಲ್ಲಿ ನಾವು ಯಾರಿಗೂ ಹಿಂದೆ ಬಿದ್ದಿಲ್ಲ. ಕಿವಿ ಕೇಳದಿರುವುದೂ ಆ ಪಟ್ಟಿಯಲ್ಲಿ ಮೇಲೆಯೇ ಇದೆ. ಕಿವಿ ಕೇಳದವರು ಮಾತಿನಿಂದ ದೂರ ಸರಿಯುತ್ತಾರೆ, ಮೂಲೆ ಸೇರುತ್ತಾರೆ. ಕನ್ನಡಕ ಹಾಕಲು ನಾಚದವರು ಶ್ರವಣ ಯಂತ್ರಕ್ಕೆ ಯಾಕೆ ನಾಚಬೇಕೋ ತಿಳಿಯದು. ಪ್ರವಚನದಲ್ಲಿ ಹಿಂದೆ ಕುಳಿತು ಏನೂ ಕೇಳಿಸದೆ ತಲೆಯಾಡಿಸುವ ಎಷ್ಟೋ ಹಿರಿಯರನ್ನು ಬಸದಿಯ ಸೇವೆಯಲ್ಲಿ ನೋಡುತ್ತಿರುತ್ತೇನೆ.

ಸಂತೋಷದ ಸುದ್ದಿಯೂ ಒಂದಿದೆ. ಈಗ ನಿಮ್ಹಾನ್ಸ್‌ನಲ್ಲಿರುವ ನರರೋಗ ತಜ್ಞೆ ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನಲ್ಲಿ 648 ಡಿಮೆನ್ಶಿಯಾ ರೋಗಿಗಳನ್ನು ಅಧ್ಯಯನ ಮಾಡಿ 2013ರಲ್ಲಿ ಪ್ರಕಟಿಸಿದರು. ಒಂದೇ ಭಾಷೆ ಆಡುವವರಿಗಿಂತ ಎರಡು ಭಾಷೆ ಆಡುವವರಲ್ಲಿ ರೋಗ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಆರಂಭವಾಗಿತ್ತು. ಶಾಲೆಗೇ ಹೋಗದವರಲ್ಲೂ ಈ ವ್ಯತ್ಯಾಸ ಕಂಡಿತು, ಹಾಗಾಗಿ ಇದು ಓದಿನ ಪ್ರಭಾವ ಮಾತ್ರವಲ್ಲ. ಮೂರು ನಾಲ್ಕು ಭಾಷೆ ಬಂದರೆ ಇನ್ನೂ ಹೆಚ್ಚಿನ ಲಾಭವೇನೂ ಕಾಣಲಿಲ್ಲವಂತೆ. ಮನೆಯಲ್ಲಿ ತುಳುವೋ ಮರಾಠಿಯೋ, ಪೇಟೆಯಲ್ಲಿ ಕನ್ನಡವೋ ಆಡುವ ನಮ್ಮವರಿಗೆ ಇದು ಹಣ ಕೊಡದೆ ಬಂದ ಆಸ್ತಿ. ಮೊಮ್ಮಕ್ಕಳಿಗೆ ಮನೆಮಾತು ತಪ್ಪಿಸಿ ಇಂಗ್ಲಿಷ್ ಒಂದನ್ನೇ ಆಡಿಸುವವರು ಇದನ್ನು ಗಮನಿಸಲಿ.

ಇನ್ನು ನಮ್ಮ ಆಚರಣೆಗೆ ನೇರವಾಗಿ ಸಂಬಂಧಿಸಿದ ವಿಷಯಗಳು. ಮೊದಲನೆಯದು ಬಿ12. ಈ ವಿಟಮಿನ್ ಸಸ್ಯಾಹಾರದಲ್ಲಿ ಹಾಲು, ಮೊಸರಿನಿಂದ ಮಾತ್ರ ಸಿಗುತ್ತದೆ, ಅದೂ ಸ್ವಲ್ಪ. ವಯಸ್ಸಾದಂತೆ ಹೀರಿಕೊಳ್ಳುವ ಶಕ್ತಿಯೂ ಕುಗ್ಗುತ್ತದೆ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್, ಎದೆಯುರಿಯ ಮಾತ್ರೆಗಳನ್ನು ವರ್ಷಗಟ್ಟಲೆ ನುಂಗುವವರಲ್ಲಿ ಇನ್ನೂ ಇಳಿಯುತ್ತದೆ. ಬಿ12 ಬಹಳ ಕಡಿಮೆಯಾದರೆ ಮರೆವು, ಗೊಂದಲ, ಕೈಕಾಲು ಜೋಮು ಎಲ್ಲವೂ ಬರುತ್ತವೆ, ಡಿಮೆನ್ಶಿಯಾದಂತೆಯೇ ಕಾಣುತ್ತದೆ. ಥೈರಾಯ್ಡ್ ತೊಂದರೆ, ಖಿನ್ನತೆಯೂ ಹಾಗೆಯೇ. ಇವಕ್ಕೆ ಚಿಕಿತ್ಸೆ ಇದೆ. ಒಂದು ರಕ್ತ ಪರೀಕ್ಷೆಯಿಂದ ತಿಳಿಯುವುದನ್ನು ‘ವಯಸ್ಸಾಯಿತು’ ಎಂದು ಬಿಟ್ಟುಬಿಟ್ಟರೆ ಸರಿಯಾಗಬಹುದಾಗಿದ್ದ ಹಿರಿಯರನ್ನು ನಾವೇ ಕತ್ತಲೆಗೆ ದೂಡಿದಂತೆ. ಸಸ್ಯಾಹಾರ ಬಿಡಬೇಕಾಗಿಲ್ಲ, ಬಿ12 ಮಾತ್ರೆ ಸಾಕು. ಕ್ಯಾಪ್ಸೂಲ್ ಆದರೆ ಅದರ ಕವಚ ಜೆಲಟಿನ್‌ನದ್ದೇ ಎಂದು ಔಷಧಿ ಅಂಗಡಿಯಲ್ಲಿ ವಿಚಾರಿಸಿ ತೆಗೆದುಕೊಳ್ಳಿ.

ಎರಡನೆಯದು ಉಪವಾಸ. ಅಷ್ಟಮಿ, ಚತುರ್ದಶಿ, ದಶಲಕ್ಷಣ ಪರ್ವದ ಉಪವಾಸಗಳನ್ನು ಜೀವನವಿಡೀ ಮಾಡಿದವರು ಮರೆವು ಬಂದ ಮೇಲೂ ಬಿಡುವುದಿಲ್ಲ. ನಿನ್ನೆ ಉಪವಾಸ ಮಾಡಿದ್ದು ಮರೆತು ಇವತ್ತೂ ಮಾಡುತ್ತೇನೆ ಎನ್ನಬಹುದು. ಸಕ್ಕರೆ ಮಾತ್ರೆ ನುಂಗಿ ಊಟ ಬಿಟ್ಟರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯುತ್ತದೆ. ನೀರು ಬಿಟ್ಟರೆ ಗೊಂದಲ ಇನ್ನಷ್ಟು ಹೆಚ್ಚುತ್ತದೆ. ರಾತ್ರಿ ಭೋಜನ ತ್ಯಾಗ ಇರುವವರ ಮಾತ್ರೆಗಳನ್ನು ಸೂರ್ಯಾಸ್ತದೊಳಗೆ ಹೊಂದಿಸಿಕೊಡಿ ಎಂದು ವೈದ್ಯರನ್ನು ಕೇಳಿದರೆ ಬಹುಪಾಲು ಹೊಂದಿಸಿಕೊಡುತ್ತಾರೆ. ಕೇಳದೆ ನಾವೇ ಮಾತ್ರೆ ತಪ್ಪಿಸಬಾರದು. ನಮ್ಮಲ್ಲಿ ವ್ರತವೆಂದರೆ ಅರಿತು, ಒಪ್ಪಿ ತೆಗೆದುಕೊಳ್ಳುವುದು. ಅರಿವೇ ಕುಂದಿದವರಿಗೆ ಯಾವ ನಿಯಮ ಎಷ್ಟು ಸಡಿಲ ಮಾಡಬೇಕೆಂದು ತ್ಯಾಗಿಗಳನ್ನೋ ಭಟ್ಟಾರಕ ಸ್ವಾಮೀಜಿಯವರನ್ನೋ ಕುಟುಂಬದವರು ಕೇಳಿ ತಿಳಿಯಬೇಕು. ಸಲ್ಲೇಖನದಂತಹ ದೊಡ್ಡ ವಿಷಯದಲ್ಲಂತೂ ಹಿರಿಯರ ಮನಸ್ಸಿನಲ್ಲಿ ಏನಿದೆ ಎಂದು ಅವರ ಬುದ್ಧಿ ಸ್ಪಷ್ಟವಾಗಿದ್ದಾಗಲೇ, ಗುರುಗಳ ಸಮ್ಮುಖದಲ್ಲಿ ಮಾತಾಡಿ ಇಟ್ಟುಕೊಂಡಿರಬೇಕು. ಮರೆವು ಮುಂದುವರಿದ ಮೇಲೆ ಅವರು ಊಟ ಬೇಡವೆಂದರೆ ಅದು ರೋಗದ ಲಕ್ಷಣವಿರಬಹುದು. ಅದನ್ನು ವ್ರತವೆಂದು ತಿಳಿಯುವುದು ಮಹಾ ಅಪಚಾರ.

ಬ್ಯಾಂಕ್, ಆಸ್ತಿ, ಅಂಗಡಿ ಪಾಲುದಾರಿಕೆಯ ಪತ್ರಗಳಿಗೂ ಇದೇ ಮಾತು. ಬುದ್ಧಿ ಸ್ಪಷ್ಟವಾಗಿದ್ದಾಗಲೇ ಉಯಿಲು, ನಾಮಿನಿ ಎಲ್ಲ ಮುಗಿಸಿದರೆ ಅಣ್ಣತಮ್ಮಂದಿರು ಕೋರ್ಟಿಗೆ ಅಲೆಯುವುದು ತಪ್ಪುತ್ತದೆ.

ಆಲ್ಝೈಮರನ್ನು ಪೂರ್ತಿ ವಾಸಿ ಮಾಡುವ ಔಷಧ ಇನ್ನೂ ಬಂದಿಲ್ಲ. ನೆನಪಿಗೆ ಸ್ವಲ್ಪ ಕಾಲ ಆಸರೆ ಕೊಡುವ ಮಾತ್ರೆಗಳು ನಮ್ಮಲ್ಲಿ ಸಿಗುತ್ತವೆ. ಅಮಿಲಾಯ್ಡ್ ತೆಗೆಯುವ ಹೊಸ ಚುಚ್ಚುಮದ್ದುಗಳಿಗೆ ಅಮೆರಿಕದಲ್ಲಿ 2023 ಮತ್ತು 2024ರಲ್ಲಿ ಪೂರ್ಣ ಅನುಮತಿ ಸಿಕ್ಕಿದೆ. ಅವು ರೋಗದ ಓಟವನ್ನು ಸ್ವಲ್ಪ ನಿಧಾನ ಮಾಡುತ್ತವೆ ಅಷ್ಟೇ, ಅದೂ ಆರಂಭದ ಹಂತದವರಲ್ಲಿ. ಮೆದುಳಿನಲ್ಲಿ ಊತ, ರಕ್ತಸ್ರಾವದ ಅಪಾಯವೂ ಇದೆ.

ತೋರಿಸಲು ಎಲ್ಲಿಗೆ ಹೋಗಬೇಕು ಎಂದು ಹಲವರು ಕೇಳುತ್ತಾರೆ. ಬೆಂಗಳೂರಿನವರಿಗೆ ನಿಮ್ಹಾನ್ಸ್ ಇದೆ. ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರ ಸೇರಿ ನಡೆಸುವ ‘ಕರ್ನಾಟಕ ಬ್ರೈನ್ ಹೆಲ್ತ್ ಇನಿಶಿಯೇಟಿವ್’ ಯೋಜನೆಯಡಿ ಜಿಲ್ಲಾ ಆಸ್ಪತ್ರೆಗಳಲ್ಲಿ ಮೆದುಳು ಆರೋಗ್ಯ ಕ್ಲಿನಿಕ್‌ಗಳು ಆರಂಭವಾಗಿವೆ, ನಿಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ಹಿರಿಯ ನಾಗರಿಕರ ಸಹಾಯವಾಣಿ 14567ಕ್ಕೆ ಕರೆ ಮಾಡಲು ಹಣ ಕೊಡಬೇಕಿಲ್ಲ. ಹೋಗುವಾಗ ಹಿರಿಯರ ಜೊತೆ ಅದೇ ಮನೆಯಲ್ಲಿ ಇರುವವರೊಬ್ಬರು ಹೋಗಬೇಕು. ವಾರಕ್ಕೊಮ್ಮೆ ಬಂದು ಹೋಗುವ ಮಗನಿಗಿಂತ ದಿನವೂ ಊಟ ಬಡಿಸುವ ಸೊಸೆಗೆ ಹೆಚ್ಚು ಗೊತ್ತಿರುತ್ತದೆ. ನುಂಗುತ್ತಿರುವ ಎಲ್ಲ ಮಾತ್ರೆಗಳನ್ನು, ಆಯುರ್ವೇದದ್ದೂ ಸೇರಿ, ಒಂದು ಚೀಲದಲ್ಲಿ ತೆಗೆದುಕೊಂಡು ಹೋಗಿ. ಮರೆವು ಯಾವಾಗ ಶುರುವಾಯಿತು, ಮೊದಲು ಕಂಡದ್ದೇನು, ಆರು ತಿಂಗಳಲ್ಲಿ ಏನು ಬದಲಾಯಿತು ಎಂದು ಒಂದು ಹಾಳೆಯಲ್ಲಿ ಬರೆದುಕೊಂಡಿರಿ. ವೈದ್ಯರು ಮೊದಲು ಕೇಳುವುದೇ ಅದು. ಹಿರಿಯರ ಎದುರಿನಲ್ಲೇ “ಇವರಿಗೆ ಏನೂ ನೆನಪಿರುವುದಿಲ್ಲ” ಎಂದು ಹೇಳುವ ಬದಲು ಆ ಹಾಳೆಯನ್ನು ವೈದ್ಯರ ಕೈಗೆ ಕೊಡಿ.